ಸಹಿ ನನ್ನದು, ಗುರುತು ನಿನ್ನದು

ಫೆಬ್ರವರಿ 9

ಅಕ್ಕನಿಗೆ ನಮಸ್ಕಾರ.

ಫೋನ್ ಮಾಡಲಿಲ್ಲ ಎಂದು ಬೈಯಬೇಡ. ನಿಮ್ಮ ಮನೆಯ ಫೋನು ಯಾವಾಗಲೂ ಭಾವನ ಕೈಯಲ್ಲಿರುತ್ತದೆ. ಕಿವಿ ಮಂದವಾದ ಮೇಲೆ ಅವರು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ. ಕಳೆದ ಸಲ ನಾನು ‘ಮುಟ್ಟು ಜಾಸ್ತಿ ಆಗ್ತಿದೆ ಅಕ್ಕ’ ಎಂದರೆ ಅವರು ‘ಯಾವುದು ಜಾಸ್ತಿ? ಜೋರಾಗಿ ಹೇಳಮ್ಮಾ’ ಎಂದು ಕೂಗಿದರು. ನಿಮ್ಮ ಪಕ್ಕದ ಮನೆಯ ನಾಯಿ ಬೊಗಳಿದ್ದು ಇಲ್ಲಿಗೆ ಕೇಳಿಸಿತು. ಆದ್ದರಿಂದ ಈ ವಿಷಯ ಕಾಗದದಲ್ಲೇ ಇರಲಿ.

ಹೆಂಗಸರ ಡಾಕ್ಟರ ಹತ್ತಿರ ಹೋಗಿದ್ದೆ. ಒಂಬತ್ತು ತಿಂಗಳಿಂದ ಹೀಗೆಯೇ, ತಿಂಗಳಿಗೆ ಹನ್ನೆರಡು ದಿನ, ಕೆಲವು ಸಲ ಹದಿನಾಲ್ಕು. ಲಾಂಡ್ರಿಯಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ, ಬಟ್ಟೆ ಯಂತ್ರಕ್ಕೆ ಹೋಗುವ ಮುಂಚೆ ಕಲೆ ತೆಗೆಯುವುದು. ಎಣ್ಣೆ, ಶಾಯಿ, ರಕ್ತ. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ತಾಗಿಸಿದರೆ ಕೂತುಬಿಡುತ್ತದೆ. ಈಗ ಸಂಜೆ ಎಲ್ಲರೂ ಹೋದ ಮೇಲೆ ನನ್ನದೇ ಬಟ್ಟೆಗೆ ತಣ್ಣೀರು ಬಿಟ್ಟುಕೊಂಡು ನಿಲ್ಲುತ್ತೇನೆ.

ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ನಾಲ್ಕು ಗಡ್ಡೆ ಕಾಣಿಸಿದವು. ಫೈಬ್ರಾಯ್ಡ್ ಅನ್ನುತ್ತಾರೆ. ದೊಡ್ಡದು ನಿಂಬೆಹಣ್ಣಿನಷ್ಟಿದೆ. ಒಳಗಿನ ಪದರದ ಚೂರು ತೆಗೆದು ಪರೀಕ್ಷೆ ಮಾಡಿದರು, ಕ್ಯಾನ್ಸರ್ ಅಲ್ಲ. ಡಾಕ್ಟರು ಒಳ್ಳೆಯ ಹೆಂಗಸು. ಚಿತ್ರ ಬರೆದು ತೋರಿಸಿದರು, ಅದು ಹುರಳಿಕಾಯಿ ಅಂಟಿಸಿದ ಆಲೂಗಡ್ಡೆಯ ಹಾಗಿತ್ತು. ಗರ್ಭಕೋಶ ತೆಗೆಯುವುದೊಂದೇ ದಾರಿಯಲ್ಲ, ಹಾರ್ಮೋನಿನ ಔಷಧಿಯಿಂದಲೂ ರಕ್ತ ಹೋಗುವುದನ್ನು ಹತೋಟಿಗೆ ತರಬಹುದು ಎಂದರು. ನಾನು ಯೋಚನೆ ಮಾಡುತ್ತಿದ್ದೇನೆ.

ದಿನಾ ಎಷ್ಟು ಹೋಗುತ್ತದೆ ಎಂದು ಬರೆದಿಡಲು ಹೇಳಿದ್ದಾರೆ. ನಮ್ಮವರು ತೀರಿಹೋದ ಮೇಲೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ ಆಗಿದೆಯಲ್ಲ, ಅದರ ಅಂಚಿನಲ್ಲೇ ಗುರುತು ಹಾಕುತ್ತಿದ್ದೇನೆ.

ಭಾವನಿಗೆ ಗಡ್ಡೆ ವಿಷಯ ಹೇಳಬೇಡ.

ಇಂತಿ,
ಮೌನಿ


ಫೆಬ್ರವರಿ 17

ಮೌನಿಗೆ ಆಶೀರ್ವಾದ.

ಒಂಬತ್ತು ತಿಂಗಳು! ಒಂಬತ್ತು ತಿಂಗಳಿಂದ ಹೀಗಿದೆ, ನನಗೆ ಈಗ ಕಾಗದ! ನಿನಗೆ ಮೌನಿ ಎಂದು ಹೆಸರಿಟ್ಟ ಅಪ್ಪನಿಗೆ ಎಷ್ಟು ಮುಂದಾಲೋಚನೆ ಇತ್ತೋ.

ಯೋಚನೆ ಮಾಡುತ್ತಿದ್ದೇನೆ ಎಂದು ಬರೆದಿದ್ದೀಯ. ಏನು ಯೋಚನೆ? ತೆಗೆಸಿ ಬಿಸಾಕು. ನಾನು ಮೂವತ್ತಾರಕ್ಕೇ ತೆಗೆಸಿಕೊಂಡೆ. ಹದಿನೆಂಟು ವರ್ಷವಾಯಿತು, ಗಟ್ಟಿಮುಟ್ಟಾಗಿದ್ದೇನೆ. ಮಾತ್ರೆ ನುಂಗುತ್ತಾ ಕೂತರೆ ಗಡ್ಡೆ ಕರಗಿ ಹೋಗುತ್ತದೆಯೇ? ಇವತ್ತು ಒಂದು ಮಾತ್ರೆ, ನಾಳೆ ಇನ್ನೊಂದು, ಕೊನೆಗೆ ಅಲ್ಲಿಗೇ ಬರಬೇಕು. ನಿನ್ನ ಡಾಕ್ಟರು ಎಷ್ಟು ವರ್ಷದವರು? ಚಿತ್ರ ಬರೆಯುವವರೆಲ್ಲ ಹೊಸಬರು. ನನ್ನ ಡಾಕ್ಟರು ಚಿತ್ರ ಗಿತ್ರ ಬರೆಯಲಿಲ್ಲ, ‘ತೆಗೆದುಬಿಡೋಣ’ ಅಂದರು, ತೆಗೆದರು, ಮುಗಿಯಿತು.

ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಕೇಳುತ್ತೇನೆ. ನಲವತ್ತನಾಲ್ಕಾಯಿತು. ಇನ್ನೂ ಮಗುವಿನ ಆಸೆ ಇಟ್ಟುಕೊಂಡಿದ್ದೀಯಾ? ಅಥವಾ ಬೇರೆ ಏನಾದರೂ ಮನಸ್ಸಿನಲ್ಲಿದೆಯಾ? ಇದ್ದರೆ ನೇರವಾಗಿ ಹೇಳು, ನಾನೇನು ಬೇಡ ಅನ್ನುವವಳಲ್ಲ. ಇಲ್ಲದಿದ್ದರೆ ಆ ಚೀಲವನ್ನು ಯಾರಿಗಾಗಿ ಕಾಯುತ್ತಿದ್ದೀಯ?

ಹಿಮೋಗ್ಲೋಬಿನ್ ಎಷ್ಟಿದೆ? ಅದನ್ನು ಬರೆದೇ ಇಲ್ಲ. ಬರೆ.

ನಿನ್ನ ಭಾವನಿಗೆ ನಾನು ಹೇಳಿಲ್ಲ. ಅವರೇ ಲಕೋಟೆ ಒಡೆದು ಓದಿದರು. ‘ಆಲೂಗಡ್ಡೆ ಯಾಕೆ ಬರೆದಿದಾಳೆ?’ ಅಂತ ಕೇಳುತ್ತಿದ್ದಾರೆ.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ಈ ಲಕೋಟೆಯ ಮೇಲೆ ನಿನ್ನ ಹೆಸರು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಭಾವ, ನೀವು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ.

ಮಗುವಿನ ವಿಷಯ ನೀನು ಕೇಳಬಾರದಿತ್ತು. ಕೇಳಿದ್ದೀಯ, ಇರಲಿ. ಆಸೆ ಇಲ್ಲ, ಅದೇ ಉತ್ತರ. ಬೇರೆ ಏನಾದರೂ ಎಂದರೆ ಏನೆಂದು ನನಗೆ ಅರ್ಥವಾಯಿತು, ಅದಕ್ಕೂ ಇಲ್ಲ. ಅವರು ಹೋಗಿ ಹದಿನಾಲ್ಕು ತಿಂಗಳು. ಅವರ ಕೆಲಸದ ಚೀಲವನ್ನು ಬಾಗಿಲ ಹಿಂದಿನಿಂದ ತೆಗೆಯಲು ಈಗಲೂ ನನ್ನಿಂದ ಆಗಿಲ್ಲ, ನೀನು ಎಲ್ಲಿಗೋ ಹೋಗುತ್ತೀಯ.

ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ, ಸಮಾಧಾನವಾಗಿ ಓದು. ಗರ್ಭನಿರೋಧಕ ಮಾತ್ರೆಯಿಂದ ರಕ್ತ ಕಡಿಮೆಯಾಗುತ್ತದೆ, ಆದರೆ ನನಗೆ ಕಣ್ಣಮುಂದೆ ಬೆಳಕು ಕುಣಿದು ಬರುವ ಅರೆತಲೆನೋವು ಇದೆಯಲ್ಲ, ಅಂಥವರಿಗೆ ಅದು ಆಗದು. ಪಾರ್ಶ್ವವಾಯುವಿನ ಭಯವಂತೆ. ಇನ್ನೊಂದು ಜಾತಿಯ ಮಾತ್ರೆ ಇದೆ, ಪ್ರೊಜೆಸ್ಟರಾನಿನದ್ದು, ಅದು ನನಗೆ ಆಗುತ್ತದೆ. ಹೊಟ್ಟೆ ಉಬ್ಬರಿಸಬಹುದು, ಮನಸ್ಸು ಮಂಕಾಗಬಹುದು. ನನ್ನ ಮನಸ್ಸು ಇನ್ನೆಷ್ಟು ಮಂಕಾದೀತು ಎಂದು ಕೇಳಿಕೊಂಡೆ, ಅವರಿಗೆ ಹೇಳಲಿಲ್ಲ. ಮೂರನೆಯದು ಗರ್ಭಕೋಶದ ಒಳಗೆ ಇಡುವುದು. ‘ಕಾಪರ್-ಟಿ ಥರದ್ದೇ, ಆದ್ರೆ ತಾಮ್ರ ಅಲ್ಲ, ಹಾರ್ಮೋನು. ಒಳಗೇ ಸ್ವಲ್ಪ ಸ್ವಲ್ಪ ಬಿಡ್ತಾ ಇರುತ್ತೆ, ವರ್ಷಗಟ್ಟಲೆ’ ಎಂದರು. ಗಡ್ಡೆಗಳು ಒಳಗಿನ ಜಾಗವನ್ನು ತೀರಾ ಕೆಡಿಸಿದ್ದರೆ ಅದು ನಿಲ್ಲುವುದಿಲ್ಲ, ನನ್ನದು ಅಷ್ಟು ಕೆಟ್ಟಿಲ್ಲ. ಆದರೂ ಜಾರಿಬೀಳುವ ಸಂಭವ ಇದೆಯಂತೆ. ಕೊನೆಯದು ಚುಚ್ಚುಮದ್ದು. ಅದು ಗಡ್ಡೆಯನ್ನು ಕುಗ್ಗಿಸುತ್ತದೆ, ಆದರೆ ಮುಟ್ಟು ನಿಂತ ಹೆಂಗಸಿನ ಹಾಗೆ ಮೈ ಬಿಸಿಯೇರುತ್ತದೆ, ಮೂಳೆ ತೆಳುವಾಗುತ್ತದೆ, ಬಿಟ್ಟರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಸಾಮಾನ್ಯವಾಗಿ ಕೆಲವೇ ತಿಂಗಳು, ಆಪರೇಷನ್ನಿಗೆ ಮುಂಚೆ ಕೊಡುತ್ತಾರೆ.

ಇದಾವುದೂ ಗಡ್ಡೆಯನ್ನು ಮಂತ್ರ ಹಾಕಿ ಮಾಯ ಮಾಡುವುದಿಲ್ಲ ಎಂದು ಅವರೇ ಹೇಳಿದರು. ರಕ್ತ ನಿಲ್ಲುವುದು ಮುಖ್ಯ. ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನ ತನಕ ತಳ್ಳಿಕೊಂಡು ಹೋದರೆ ಗಡ್ಡೆಯೂ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ನಾನು ಒಳಗೆ ಇಡುವುದಕ್ಕೆ ಒಪ್ಪಿದ್ದೇನೆ. ಅದಕ್ಕೊಂದು ಫಾರಂ ಕೊಟ್ಟಿದ್ದಾರೆ, ನಾಲ್ಕು ಪುಟ, ನನಗೆ ತಲೆಬುಡ ತಿಳಿಯಲಿಲ್ಲ. ಎಂದಿನಂತೆ ಕೆಳಗೆ ಸಹಿ ಹಾಕಿ ಕಳಿಸಿದ್ದೇನೆ. ಕೊನೆಯ ಪುಟದಲ್ಲಿ ನಾಲ್ಕು ಚೌಕಗಳಿವೆ: ಮಾತ್ರೆ, ಒಳಗೆ ಇಡುವುದು, ಚುಚ್ಚುಮದ್ದು, ಆಪರೇಷನ್ನು. ಎರಡನೆಯದಕ್ಕೆ ಗುರುತು ಹಾಕು. ಎರಡನೆಯದು, ಅಕ್ಕ. ಹಾಕಿ ನೇರವಾಗಿ ಆಸ್ಪತ್ರೆಗೇ ಅಂಚೆಗೆ ಹಾಕಿಬಿಡು, ದಿನ ಉಳಿಯುತ್ತದೆ. ಮಾರ್ಚ್ 23ಕ್ಕೆ ಬರಲು ಹೇಳಿದ್ದಾರೆ.

ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇದೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ.

ಮೌನಿ


ಮಾರ್ಚ್ 6

ಮೌನಿಗೆ,

ಫಾರಂ ತುಂಬಿ ಅಂಚೆಗೆ ಹಾಕಿದೆ. ಹುಟ್ಟಿದ ದಿನ, ವಿಳಾಸ, ಹಿಂದಿನ ಕಾಯಿಲೆ, ಎಲ್ಲ ಸರಿಯಾಗಿದೆ. ಮೂವತ್ತೊಂದು ವರ್ಷ ಶಾಲೆಯ ಆಫೀಸಿನಲ್ಲಿ ಫಾರಂ ತುಂಬಿದವಳು ನಾನು. ನಿನ್ನ ಏಳನೇ ತರಗತಿಯ ಪರೀಕ್ಷೆಯಿಂದ ಹಿಡಿದು ನಿನ್ನ ಗಂಡ ಲಿಫ್ಟ್ ಕಂಪನಿಗೆ ಸೇರಿದ ಅರ್ಜಿಯ ತನಕ ನನ್ನ ಕೈಯಲ್ಲೇ ಆಗಿರುವುದು. ಯಾವುದೂ ವಾಪಸು ಬಂದಿಲ್ಲ.

‘ಸ್ವಲ್ಪ ಕಡಿಮೆ’ ಎಂಬ ಸಂಖ್ಯೆಯನ್ನು ನಾನು ಯಾವ ಲೆಕ್ಕದ ಪುಸ್ತಕದಲ್ಲೂ ಕಂಡಿಲ್ಲ.

ನಾನು ಏನು ಮಾಡಿದರೂ ನಿನ್ನ ಒಳ್ಳೆಯದಕ್ಕೇ ಎಂದು ತಿಳಿದುಕೋ. 23ಕ್ಕೆ ಹೋಗಿ ಬಂದು ಬರೆ. ಇವತ್ತು ಹೆಚ್ಚು ಬರೆಯಲು ಆಗುತ್ತಿಲ್ಲ, ಕೆಲಸವಿದೆ.

ಅಕ್ಕ


ಮಾರ್ಚ್ 24

ಅಕ್ಕ,

ಏನು ಮಾಡಿದ್ದೀಯ ನೀನು?

ನಿನ್ನೆ ಬೆಳಿಗ್ಗೆ ಲಾಂಡ್ರಿಯಲ್ಲಿ ರಜೆ ಕೇಳಿ ಆಸ್ಪತ್ರೆಗೆ ಹೋದೆ. ನರ್ಸು ನನ್ನ ಕೈಗೆ ಹಸಿರು ಗೌನು ಕೊಟ್ಟರು. ‘ಹಿಂದೆ ಕಟ್ಕೊಳೋದು, ಮುಂದೆ ಅಲ್ಲ’ ಎಂದರು. ‘ಇದಕ್ಕೂ ಗೌನ್ ಬೇಕಾ ಸಿಸ್ಟರ್? ಹತ್ತು ನಿಮಿಷದ ಕೆಲಸ ಅಂದಿದ್ರು’ ಎಂದೆ. ಅವರು ನನ್ನ ಮುಖ ನೋಡಿದರು. ‘ಗರ್ಭಕೋಶ ತೆಗೆಯೋದು ಹತ್ತು ನಿಮಿಷದ ಕೆಲಸ ಅಂತ ಯಾರಮ್ಮ ನಿಮಗೆ ಹೇಳಿದ್ದು?’

ನಾನು ಗೌನು ಹಿಡಿದುಕೊಂಡು ನಿಂತೇ ಇದ್ದೆ. ಅವತ್ತು ಬರೀ ತಪಾಸಣೆ, ಆಪರೇಷನ್ನು ಮುಂದಿನ ವಾರ ಎಂದರು. ಡಾಕ್ಟರನ್ನು ನೋಡಬೇಕು ಎಂದು ಹಟ ಹಿಡಿದೆ. ನಾನು ಹಟ ಹಿಡಿದೆ, ನಂಬುತ್ತೀಯಾ? ಒಂದೂವರೆ ಗಂಟೆಯ ಮೇಲೆ ಅವರು ಬಂದರು. ಫಾರಂ ತೆಗೆದು ಮೇಜಿನ ಮೇಲಿಟ್ಟರು.

‘ಇದು ನಿಮ್ಮ ಸಹಿನಾ?’

‘ಹೌದು.’

‘ಈ ಗುರುತು?’

‘ಅದು ನಮ್ಮಕ್ಕಂದು.’

‘ನಿಮ್ಮಕ್ಕ ಡಾಕ್ಟರಾ?’

‘ಅಲ್ಲ. ಸ್ಕೂಲ್ ಆಫೀಸಲ್ಲಿದ್ರು. ಈಗ ರಿಟೈರಾಗಿದಾರೆ.’

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ‘ಖಾಲಿ ಫಾರಂಗೆ ಯಾರಾದ್ರೂ ಸಹಿ ಹಾಕ್ತಾರೇನಮ್ಮಾ?’

‘ನಮ್ಮನೇಲಿ ಎಲ್ಲಾರೂ ಹಾಕ್ತೀವಿ ಮೇಡಂ.’

ಪಕ್ಕದಲ್ಲಿದ್ದ ನರ್ಸು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಗಲು ಏನಿದೆ ಹೇಳು. ಎರಡನೆಯದು ಎಂದು ಎರಡು ಸಲ ಬರೆದಿದ್ದೆ. ನೀನು ನಾಲ್ಕನೆಯದಕ್ಕೆ ಹಾಕಿದ್ದೀಯ. ಅದೂ ಎಂಥ ಗುರುತು, ಎರಡು ಸಲ ತಿದ್ದಿ ಕಪ್ಪಗೆ ಮಾಡಿದ್ದೀಯ, ಯಾರಿಗೂ ಅನುಮಾನ ಬಾರದ ಹಾಗೆ.

ಈಗ ಆಗಿರುವುದು ಕೇಳು. ನನ್ನ ಹೆಸರು ಆಪರೇಷನ್ ಪಟ್ಟಿಗೆ ಹೋದದ್ದರಿಂದ ನಿನ್ನೆಯ ಜಾಗ ಬೇರೆಯವರಿಗೆ ಹೋಯಿತು. ಸಾಧನವನ್ನು ಒಳಗೆ ಇಡುವವರು ಬರುವುದು ಸೋಮವಾರ ಮಾತ್ರ. ಮುಂದಿನ ಖಾಲಿ ದಿನ ಏಪ್ರಿಲ್ 27. ಐದು ವಾರ, ಅಕ್ಕ. ಅಲ್ಲಿಯ ತನಕ ಪ್ರೊಜೆಸ್ಟರಾನ್ ಮಾತ್ರೆ ಬರೆದುಕೊಟ್ಟಿದ್ದಾರೆ, ದಿನಕ್ಕೆ ಮೂರು.

ಚಿಕ್ಕಂದಿನಿಂದ ನೀನು ಹೇಳಿದಲ್ಲಿ ಸಹಿ ಹಾಕಿದ್ದೇನೆ. ಒಂದು ಸಲವೂ ಮೇಲೆ ಏನು ಬರೆದಿದ್ದೀಯ ಎಂದು ಕೇಳಲಿಲ್ಲ. ಇನ್ನು ಮೇಲೆ ನನ್ನ ಯಾವ ಕಾಗದವೂ ನಿನ್ನ ಹತ್ತಿರ ಬರುವುದಿಲ್ಲ.

ಮೌನಿ


ಮಾರ್ಚ್ 31

ಮೌನಿಗೆ,

ಬೈದದ್ದಾಯಿತಾ? ಈಗ ನನ್ನದು ಕೇಳು.

ಹೌದು, ಬೇಕೆಂದೇ ಹಾಕಿದೆ. ಕೈ ತಪ್ಪಿ ಅಲ್ಲ. ಎಷ್ಟು ದಿನ ನೀನು ಹೀಗೆ ಎಳೆದಾಡುತ್ತೀಯ ಎಂದು ನನಗೆ ಗೊತ್ತು. ನಿನ್ನ ಗಂಡ ಒಂದು ವಾರ ಎಡಗೈ ನೋಯುತ್ತಿದೆ ಎಂದು ಹೇಳಿಕೊಳ್ಳದೆ ಲಿಫ್ಟ್ ರಿಪೇರಿಗೆ ಹೋಗುತ್ತಿದ್ದ. ಗ್ಯಾಸು ಅಂದ. ನೀನೂ ಗ್ಯಾಸು ಅಂದೆ. ನನಗೆ ಫೋನು ಬಂದಾಗ ಎಲ್ಲ ಮುಗಿದಿತ್ತು. ಈಗ ‘ಸ್ವಲ್ಪ ಕಡಿಮೆ’ ಎಂದು ಬರೆಯುತ್ತೀಯ. ನಿಮ್ಮಿಬ್ಬರಿಗೂ ಸ್ವಲ್ಪ ಎಂದರೆ ಎಷ್ಟು ಎಂದು ನಾನು ಒಂದು ಸಲ ನೋಡಿಯಾಗಿದೆ.

ಎಲ್ಲರೂ ತೆಗೆಸಿಕೊಂಡಿಲ್ಲವೇ? ನಾನು ಸತ್ತೆನೇ? ನಿನ್ನದೇನು ಬಂಗಾರದ್ದೇ?

ನಿನಗೆ ಸಿಟ್ಟು ಬಂದಿದ್ದರೆ ಬರಲಿ. ಸಿಟ್ಟು ಬಂದವರು ಬದುಕಿರುತ್ತಾರೆ.

ಅಕ್ಕ


ಏಪ್ರಿಲ್ 13

ಮೌನಿಗೆ,

ನಿನ್ನ ಕಾಗದ ಇಲ್ಲ. ಸಿಟ್ಟು ಎರಡು ವಾರಕ್ಕೆ ಸಾಕು. ನಾನು ನಿನ್ನ ಗಂಡನ ವಿಷಯ ಬರೆದದ್ದು ಹೆಚ್ಚಾಯಿತು. ಅಂಚೆ ಡಬ್ಬಿಗೆ ಹಾಕಿದ ಮೇಲೆ ತೋಚಿತು, ಕೈ ಹಾಕಿ ತೆಗೆಯಲು ಬರುವುದಿಲ್ಲವಲ್ಲ.

ಅಕ್ಷರ ಹೀಗಿದೆ ಎಂದು ನಗಬೇಡ. ಪೆನ್ನು ಸರಿಯಿಲ್ಲ.

ಎರಡು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಏಪ್ರಿಲ್ 21

ಮೌನಿ,

ನೀನು ಫೋನು ತೆಗೆಯುತ್ತಿಲ್ಲ. ಇವತ್ತು ನಿನ್ನ ಲಾಂಡ್ರಿಗೆ ಮಾಡಿದೆ. ನೀವೆಲ್ಲ ಗಂಜಿ ಸಾಹೇಬರು ಅನ್ನುತ್ತೀರಲ್ಲ, ಅಂಗಿಯ ಕಾಲರು ನೆಟ್ಟಗೆ ನಿಲ್ಲಿಸಿಕೊಂಡ ಆ ಮಾಲೀಕರು, ಅವರೇ ತೆಗೆದರು. ‘ನಮ್ಮ ತಂಗಿ ಇದಾಳಾ?’ ಎಂದೆ. ‘ಇಲ್ಲ, ರಜೆ’ ಎಂದರು. ‘ಯಾಕೆ ರಜೆ?’ ಎಂದೆ. ‘ನಿಮಗೆ ಹೇಳಬೇಡಿ ಅಂದಿದಾರೆ, ಅದಕ್ಕೆ ಹೇಳಲ್ಲ’ ಎಂದರು. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಿನ್ನ ಭಾವ ‘ಏನು ಹೇಳಬೇಡಿ ಅಂದ್ಲಂತೆ?’ ಎಂದು ಕೂಗಿದರು. ಆ ಮನುಷ್ಯ ಫೋನು ಇಟ್ಟುಬಿಟ್ಟರು. ಪ್ರಾಮಾಣಿಕರಿಗೆ ಸ್ವಲ್ಪ ಬುದ್ಧಿಯೂ ಇರಬೇಕಲ್ಲವೇ?

ನೀನು ಎಲ್ಲಿದ್ದೀಯ? ನಾನು ಹೊರಟು ಬರಲಾರೆ, ಕಾರಣ ಇದೆ, ಆಮೇಲೆ ಹೇಳುತ್ತೇನೆ. ನಾಲ್ಕನೆಯದು ಬೇಡ, ಎರಡನೆಯದೇ ಆಗಲಿ, ಒಂದನೆಯದಾಗಲಿ, ಏನಾದರೂ ಆಗಲಿ. ಬದುಕಿದ್ದೀಯ ಎಂದು ಬರೆ.

ಅಕ್ಕ


ಏಪ್ರಿಲ್ 29

ಅಕ್ಕನಿಗೆ,

ಬದುಕಿದ್ದೇನೆ. ಫೋನು ಕಲೆ ತೆಗೆಯುವ ತೊಟ್ಟಿಯಲ್ಲಿ ಬಿದ್ದು ಹಾಳಾಗಿದೆ. ನಾನೂ ಅದರ ಜೊತೆಗೇ ಬಿದ್ದೆ.

ಮೊದಲಿನಿಂದ ಹೇಳುತ್ತೇನೆ. ಮಾತ್ರೆ ಶುರು ಮಾಡಿದ ಐದನೇ ದಿನಕ್ಕೆ ರಕ್ತ ಪೂರ್ತಿ ನಿಂತಿತು. ಹತ್ತು ತಿಂಗಳಾದ ಮೇಲೆ ಭಯವಿಲ್ಲದೆ ಒಣ ಬಟ್ಟೆಯಲ್ಲಿ ಮಲಗಿದೆ. ಆದರೆ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು, ಇಸ್ತ್ರಿಯ ಹೆಂಗಸಿನ ಮೇಲೆ ಸುಮ್ಮನೆ ರೇಗಿದೆ, ಬಾತ್ರೂಮಿನಲ್ಲಿ ಕೂತು ಅತ್ತೆ. ರಕ್ತ ನಿಂತಿತಲ್ಲ, ಇನ್ನೇಕೆ ಎಂದು ಮಾತ್ರೆ ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ, ನನ್ನದೇ. ಬಿಟ್ಟ ಮೂರನೇ ದಿನ ಕಟ್ಟೆ ಒಡೆದ ಹಾಗೆ ಬಂತು.

ಏಪ್ರಿಲ್ 8ರಂದು ಬೆಳಿಗ್ಗೆ ಹೋಟೆಲಿನ ಹಾಸುಬಟ್ಟೆಗಳ ಮೂಟೆ ಬಿಚ್ಚುತ್ತಿದ್ದೆ. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಆಸ್ಪತ್ರೆ. ಹಿಮೋಗ್ಲೋಬಿನ್ ಐದೂವರೆ. ನೀನು ಕೇಳಿದ ಸಂಖ್ಯೆ ಫೆಬ್ರವರಿಯಲ್ಲಿ ಏಳು ಪಾಯಿಂಟ್ ಒಂದು ಇತ್ತು. ಬರೆಯಲಿಲ್ಲ, ಬರೆದರೆ ನೀನು ಆ ದಿನವೇ ಬಸ್ಸು ಹತ್ತಿ ಬಂದು ನನ್ನನ್ನು ಟೇಬಲ್ಲಿನ ಮೇಲೆ ಮಲಗಿಸುತ್ತಿದ್ದೆ. ಮೂರು ಬಾಟಲಿ ರಕ್ತ ಕೊಟ್ಟರು. ಗಂಜಿ ಸಾಹೇಬರು ಪಕ್ಕದ ಸ್ಟೂಲಿನಲ್ಲಿ ಕೂತು ಪೇಪರು ಓದುತ್ತಿದ್ದರು. ನರ್ಸು ‘ನೀವು ಯಾರು?’ ಎಂದು ಕೇಳಿದ್ದಕ್ಕೆ ‘ಲಾಂಡ್ರಿ’ ಎಂದರು. ‘ಬಟ್ಟೆ ಕೊಡೋದು ಹಿಂದಿನ ಗೇಟಲ್ಲಿ’ ಎಂದು ಅವರನ್ನು ಕಳಿಸಿಬಿಟ್ಟಳು. ಮತ್ತೆ ಅರ್ಧ ಗಂಟೆಗೆ ಇನ್ನೊಂದು ಬಾಗಿಲಿನಿಂದ ಬಂದು ಕೂತರು.

ಡಾಕ್ಟರು ಬೈದರು, ನಿನ್ನ ಬೈಗುಳಕ್ಕಿಂತ ಜೋರಾಗಿ. ‘ನಿಂತಿದ್ದು ಮಾತ್ರೆಯಿಂದ. ಮಾತ್ರೆ ಬಿಟ್ರೆ ಮತ್ತೆ ಬರದೆ ಇರುತ್ತಾ? ಬಿಡೋ ಮುಂಚೆ ಒಂದು ಮಾತು ಕೇಳೋಕೆ ಏನಾಗಿತ್ತು?’ ಎಂದರು. ಮೊನ್ನೆ 27ಕ್ಕೆ ಒಳಗೆ ಇಟ್ಟರು. ಹತ್ತು ನಿಮಿಷ ಅಂದಿದ್ದರು, ಹನ್ನೆರಡಾಯಿತು, ನೋವಾಯಿತು. ಈಗ ಮನೆಯಲ್ಲಿದ್ದೇನೆ.

ಈ ಸಲದ ಫಾರಂ ನಾನೇ ತುಂಬಿದೆ. ನಾಲ್ಕು ಪುಟಕ್ಕೆ ಮೂರು ದಿನ ಹಿಡಿಯಿತು. ತಿಳಿಯದ ಕಡೆ ನರ್ಸನ್ನು ಕೇಳಿದೆ.

ಆಪರೇಷನ್ ಏಕೆ ಬೇಡ ಎಂದು ನೀನು ಒಮ್ಮೆಯೂ ಕೇಳಲಿಲ್ಲ, ನೀನೇ ಉತ್ತರ ಹುಡುಕಿಕೊಂಡೆ. ನಾನೂ ಹೇಳಲಿಲ್ಲ. ನಮ್ಮವರನ್ನು ಆಪರೇಷನ್ನಿಗೆ ಒಳಗೆ ಒಯ್ಯುವಾಗ ಒಂದು ಕಾಗದ ಕೊಟ್ಟರು, ಸಹಿ ಹಾಕಿದೆ, ಓದಲಿಲ್ಲ. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕೂತೆ. ಅವರು ತಿರುಗಿ ನೋಡಿದ್ದು ನನ್ನನ್ನು, ನಾನು ಅಲ್ಲಿದ್ದೆ ಎಂದು ಅವರಿಗೆ ಗೊತ್ತಿತ್ತು. ನನ್ನನ್ನು ಒಯ್ಯುವಾಗ ಆ ಬೆಂಚಿನ ಮೇಲೆ ಯಾರು ಇರುತ್ತಾರೆ? ತಿರುಗಿ ನೋಡಿದರೆ ಖಾಲಿ ಬೆಂಚು. ಅಷ್ಟೇ ಕಾರಣ. ದೊಡ್ಡ ಕಾರಣವೇನೂ ಅಲ್ಲ, ಅದಕ್ಕೆ ಬರೆಯಲು ನಾಚಿಕೆಯಾಯಿತು.

ಮೌನಿ

ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಪೆನ್ನಿನ ಮೇಲೆ ಹಾಕಬೇಡ. ಏನಾಗಿದೆ?


ಮೇ 10

ಮೌನಿಗೆ,

ಬಲಗೈ ಮಣಿಕಟ್ಟು ಮುರಿದಿದೆ. ಇದೆಲ್ಲ ಎಡಗೈ ಬರಹ. ಏಪ್ರಿಲ್ 3ಕ್ಕೆ ಬಾಗಿಲ ಮೆಟ್ಟಿಲ ಹತ್ತಿರ ಜಾರಿದೆ, ಜಾರಿದ್ದು ಒಂದೇ ಮೆಟ್ಟಿಲು. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ‘ಇಷ್ಟಕ್ಕೆ ಮುರಿಯಬಾರದಿತ್ತು, ನಿಮ್ಮ ಮೂಳೆ ಎಪ್ಪತ್ತೈದರ ಮುದುಕಿಯದ್ದರ ಹಾಗಿದೆ’ ಎಂದರು. ಹೋದ ವರ್ಷ ಕಾಲ್ಬೆರಳು ಮುರಿದದ್ದನ್ನೂ ನಿನಗೆ ಹೇಳಿಲ್ಲ. ಆಗ ನಿನಗೆ ನಿನ್ನದೇ ಸಾಕಾಗಿತ್ತು.

ನಿನ್ನ ಫೆಬ್ರವರಿಯ ಕಾಗದದಲ್ಲಿ ಚುಚ್ಚುಮದ್ದಿನ ವಿಷಯ ಬರೆದಿದ್ದೆಯಲ್ಲ, ಮೈ ಬಿಸಿಯೇರುತ್ತದೆ, ಮೂಳೆ ತೆಳುವಾಗುತ್ತದೆ ಎಂದು. ಅದನ್ನು ಓದಿದ ದಿನದಿಂದ ನನ್ನ ತಲೆ ಕೆಟ್ಟಿದೆ. ನನಗೆ ಮೂವತ್ತೇಳಕ್ಕೇ ಮೈ ಬಿಸಿಯೇರಲು ಶುರುವಾಯಿತು. ಆಫೀಸಿನಲ್ಲಿ ಫೈಲಿನಿಂದ ಗಾಳಿ ಹಾಕಿಕೊಂಡು ಕೂತಿರುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಹೀಗೇ ಇರುತ್ತದೆ ಎಂದುಕೊಂಡೆ.

ಗಟ್ಟಿಮುಟ್ಟಾಗಿದ್ದೇನೆ ಎಂದು ಬರೆದದ್ದು ಸುಳ್ಳು.

ನನ್ನದು ಹೇಗಾಯಿತು ಎಂದು ನಿನಗೆ ಗೊತ್ತಿಲ್ಲ. ನೀನು ಆಗ ಬೇರೆ ಊರಿನಲ್ಲಿದ್ದೆ. ನನಗೂ ಹೀಗೆಯೇ ಹೋಗುತ್ತಿತ್ತು. ಡಾಕ್ಟರ ಕೋಣೆಯೊಳಗೆ ಹೋದವರು ನಿನ್ನ ಭಾವ ಮತ್ತು ನನ್ನ ಅತ್ತೆ. ನಾನು ಹೊರಗೆ ಕೂತಿದ್ದೆ. ಬಂದು ಅತ್ತೆ, ‘ಎರಡು ಮಕ್ಕಳಾದ್ವಲ್ಲ, ಇನ್ನೇನಕ್ಕೆ ಅದು, ತೆಗೆಸಿಬಿಡೋದು ಅಂತಾಯ್ತು’ ಎಂದರು. ಫಾರಂ ನಿನ್ನ ಭಾವ ತುಂಬಿ ತಂದಿದ್ದರು. ಅದರಲ್ಲಿ ನನ್ನ ವಯಸ್ಸು ಮೂವತ್ತೆಂಟು ಎಂದು ತಪ್ಪು ಬರೆದಿದ್ದರು. ನಾನು ಅದನ್ನು ಹೊಡೆದು ಮೂವತ್ತಾರು ಎಂದು ತಿದ್ದಿ ಸಹಿ ಹಾಕಿದೆ. ವಯಸ್ಸು ತಿದ್ದಿದೆ, ಅಷ್ಟೇ. ಊರಿನವರ ಫಾರಂ ಎಲ್ಲ ಅಕ್ಷರ ಅಕ್ಷರ ಓದುವವಳು ನನ್ನದರಲ್ಲಿ ವಯಸ್ಸು ಬಿಟ್ಟು ಬೇರೆ ಓದಲಿಲ್ಲ. ಅಂಡಾಶಯಗಳನ್ನೂ ತೆಗೆದಿದ್ದಾರೆ ಎಂದು ಡಿಸ್ಚಾರ್ಜ್ ಕಾಗದ ನೋಡಿದಾಗ ತಿಳಿಯಿತು.

ನಿನಗೆ ಮಾತ್ರೆಯಲ್ಲಿ, ಬೆರಳುದ್ದದ ಒಂದು ಸಾಧನದಲ್ಲಿ ರಕ್ತ ನಿಂತುಬಿಟ್ಟರೆ, ನನ್ನದನ್ನು ತೆಗೆಸಿದ್ದಕ್ಕೆ ಏನರ್ಥ? ಗುರುತು ಹಾಕುವಾಗ ನಾನು ಯೋಚಿಸಿದ್ದು ನಿನ್ನ ಜೀವ ಉಳಿಯಲಿ ಎಂದು. ಅದು ನಿಜ. ಇದೂ ನಿಜ. ಎರಡು ಸಲ ತಿದ್ದಿ ಕಪ್ಪಗೆ ಮಾಡಿದ್ದು ಯಾವುದಕ್ಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಎಡಗೈ ನೋಯುತ್ತಿದೆ. ಬೆಂಚಿನ ವಿಷಯ ನೀನು ಮೊದಲೇ ಹೇಳಬಹುದಿತ್ತು, ಕತ್ತೆ. ನಾನು ಕೂರುತ್ತಿದ್ದೆ.

ಅಕ್ಕ


ಆಗಸ್ಟ್ 22

ಅಕ್ಕನಿಗೆ,

ನಿನ್ನ ಮೇ ತಿಂಗಳ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ನಡುವೆ ‘ಚೆನ್ನಾಗಿದ್ದೇನೆ’ ಎಂದು ಕಾರ್ಡು ಹಾಕಿದ್ದನ್ನು ಕಾಗದ ಅನ್ನಲು ಬರುವುದಿಲ್ಲ.

ಮೊದಲು ನನ್ನ ರಾಮಾಯಣ. ಒಳಗೆ ಇಟ್ಟ ಮೇಲೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿ! ಮೂರು ತಿಂಗಳು ದಿನ ಬಿಟ್ಟು ದಿನ ತೊಟ್ಟು ತೊಟ್ಟು. ಹೆಚ್ಚೂ ಇಲ್ಲ, ನಿಲ್ಲುವುದೂ ಇಲ್ಲ, ಕೆಟ್ಟ ನಲ್ಲಿಯ ಹಾಗೆ. ನಾಲ್ಕು ಸಲ ಡಾಕ್ಟರ ಹತ್ತಿರ ಓಡಿದೆ. ‘ಹೇಳಿದ್ನಲ್ಲಮ್ಮಾ, ಆರು ತಿಂಗಳ ತನಕ ಹೀಗಿರಬಹುದು ಅಂತ’ ಎಂದರು. ಐದನೇ ಸಲ ಹೋದಾಗ ನರ್ಸು ‘ಏನು, ಅಕ್ಕ ಫಾರಂ ಕಳಿಸಿದ್ರಾ?’ ಎಂದಳು. ಈಗ ಹದಿನೇಳು ದಿನದಿಂದ ಏನೂ ಇಲ್ಲ. ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಎಂಟು. ಸಂಖ್ಯೆ ಬರೆದಿದ್ದೇನೆ, ನೋಡು. ಸಾಧನ ಜಾರಿಬೀಳಬಹುದು, ಗಡ್ಡೆ ಬೆಳೆಯಬಹುದು, ಆಗ ನಾಲ್ಕನೆಯ ಚೌಕವೇ ಬರಬಹುದು. ಬಂದರೆ ನಿನಗೆ ಬರೆಯುತ್ತೇನೆ, ಬೆಂಚಿಗೆ ಬಾ.

ಈಗ ನಿನ್ನದು. ಡಾಕ್ಟರ ಹತ್ತಿರ ನಿನ್ನ ವಿಷಯ ಕೇಳಿದೆ, ಹೆಸರು ಹೇಳದೆ. ಮೂವತ್ತಾರಕ್ಕೆ ಅಂಡಾಶಯ ತೆಗೆದವರಿಗೆ ಹಾರ್ಮೋನು ಕೊಡಬೇಕಿತ್ತು, ಕೊಡದಿದ್ದರೆ ಮೂಳೆ ಸವೆಯುತ್ತದೆ, ಈಗಲೂ ಮೂಳೆಗೆ ಚಿಕಿತ್ಸೆ ಇದೆ ಎಂದರು. ಮೂಳೆ ಡಾಕ್ಟರಷ್ಟೇ ಸಾಲದು, ಹೆಂಗಸರ ಡಾಕ್ಟರನ್ನೂ ನೋಡಬೇಕಂತೆ. ನಿನ್ನದು ತೆಗೆಯಲೇಬೇಕಿತ್ತೇ ಇಲ್ಲವೇ ಎಂದು ನಾನು ಕೇಳಲಿಲ್ಲ. ಅದು ನೀನು ಕೇಳಬೇಕಾದದ್ದು. ಕೇಳದೆಯೂ ಇರಬಹುದು. ಆದರೆ ಮೂಳೆಯ ವಿಷಯಕ್ಕಾದರೂ ಹೋಗು.

ನೀನು ನನಗೆ ಮಾಡಿದ್ದನ್ನು ನಾನಿನ್ನೂ ಪೂರ್ತಿ ಮರೆತಿಲ್ಲ. ಕೆಲವು ದಿನ ನೆನಪಾದರೆ ಮೈ ಉರಿಯುತ್ತದೆ. ಆದರೂ ನೀನು ಹೊರಗೆ ಕೂತಿದ್ದೆ ಎಂದು ಬರೆದ ಸಾಲು ಓದಿದಾಗಲೆಲ್ಲ ಸಿಟ್ಟು ಎಲ್ಲಿಗೆ ತಿರುಗಿಸಬೇಕೆಂದು ತಿಳಿಯುವುದಿಲ್ಲ.

ಮೌನಿ


ಸೆಪ್ಟೆಂಬರ್ 14

ಮೌನಿಗೆ,

ಬಲಗೈಯಲ್ಲೇ ಬರೆಯುತ್ತಿದ್ದೇನೆ, ಇನ್ನೂ ನಡುಗುತ್ತದೆ.

ಇವತ್ತು ಹೆಂಗಸರ ಡಾಕ್ಟರ ಹತ್ತಿರ ಹೋದೆ. ನಿನ್ನ ಭಾವ ಜೊತೆಗೆ ಹೊರಟರು, ಬೇಡವೆಂದರೂ ಕೇಳಲಿಲ್ಲ. ಡಾಕ್ಟರು ನನ್ನ ಕಡೆ ನೋಡಿ ‘ಏನು ತೊಂದರೆ?’ ಎಂದರು. ನಾನು ಬಾಯಿ ತೆರೆಯುವ ಮುಂಚೆ ಇವರು ‘ಕೈ ಮುರಿದಿದೆ ಡಾಕ್ಟ್ರೇ, ಮೊದಲಿಂದ ಸ್ವಲ್ಪ ಅಜಾಗ್ರತೆ’ ಎಂದು ಶುರು ಮಾಡಿದರು. ನಾನು ‘ರೀ, ಅವರು ಕೇಳ್ತಿರೋದು ನನ್ನನ್ನ. ಸ್ವಲ್ಪ ಹೊರಗೆ ಕೂತಿರಿ’ ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು. ಹೊರಗಿನ ಸಾಲಿನವರೆಲ್ಲ ತಿರುಗಿ ನೋಡಿದರಂತೆ. ಇವರು ಎದ್ದು ಹೋದರು. ಮೂವತ್ತು ವರ್ಷದಲ್ಲಿ ಅವರ ಆ ಮುಖ ನಾನು ನೋಡಿರಲಿಲ್ಲ.

ಮೂಳೆಗೆ ಔಷಧಿ ಬರೆದುಕೊಟ್ಟರು, ಇನ್ನೆರಡು ಪರೀಕ್ಷೆ ಇದೆ. ಆಮೇಲೆ ಕೇಳಿದೆ. ಕೇಳದೆ ಬರುವವಳಿದ್ದೆ, ಎದ್ದವಳು ಮತ್ತೆ ಕೂತು ಕೇಳಿದೆ. ಹಳೆಯ ಸ್ಕ್ಯಾನು, ರಿಪೋರ್ಟು ಇದೆಯಾ ಎಂದರು. ಡಿಸ್ಚಾರ್ಜ್ ಕಾಗದ ಒಂದೇ ಇದೆ ಎಂದೆ. ಅದನ್ನು ಎರಡು ಸಲ ಓದಿದರು. ‘ತೆಗೀಲೇಬೇಕಿತ್ತಾ ಇಲ್ವಾ ಅಂತ ಇಷ್ಟರಲ್ಲಿ ನಾನು ಹೇಳೋಕಾಗಲ್ಲ. ಇರಬಹುದು. ಆದ್ರೆ ಆಗಲೂ ಮಾತ್ರೆಗಳಿದ್ವು. ಬೇರೆ ದಾರಿ ಇದೆ ಅಂತ ನಿಮಗೆ ಹೇಳಬೇಕಿತ್ತು’ ಎಂದರು.

ಹೇಳಬೇಕಿತ್ತು ಎಂದರು, ಮೌನಿ. ಅಷ್ಟೇ.

ನಾನು ಸರಿ ಎಂದು ಚೀಲ ತೆಗೆದುಕೊಂಡು ಹೊರಗೆ ಬಂದೆ. ನಿನ್ನ ಭಾವ ಎದ್ದು ನಿಂತು, ಡಾಕ್ಟರು ಏನಂದರು ಎಂದು ಕೇಳಿದರು, ಎಂದೂ ಇಲ್ಲದೆ ಮೆಲ್ಲಗೆ. ನಾನಿನ್ನೂ ಹೇಳಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಮೊದಲು ನಿನಗೆ ಬರೆಯುತ್ತಿದ್ದೇನೆ. ಹೊರಗೆ ಓಡಾಡುತ್ತಿದ್ದಾರೆ. ಇದನ್ನು ಅಂಟಿಸಿದ ಮೇಲೆ ಅವರನ್ನು ಒಳಗೆ ಕರೆದು ಕೂರಿಸಿ, ಹೇಳುತ್ತೇನೆ.

ಅಕ್ಕ